ಟ್ರೆಡ್‌ಮಿಲ್ ಓಟದಿಂದ ಮನಸ್ಸು ಹಗುರಾಗದಿದ್ದರೆ
ದಿನಾ 40 ನಿಮಿಷ ಟ್ರೆಡ್‌ಮಿಲ್ ಮೇಲೆ ಓಡಿದರೂ ಮಂಕು ಹೋಗುತ್ತಿಲ್ಲ, ಒಂಟಿತನ ಬೇರೆ ಅಂದಿದ್ದೀರಿ. ಕಾರಣ ಬಹುಶಃ ಓಟವಲ್ಲ, ನಾಲ್ಕು ಗೋಡೆ. ಒಳಗೆ ಕಣ್ಣು ಪರದೆಯ ಅಂಕಿಗಳ ಮೇಲೇ ಇರುತ್ತದೆ, ದಣಿವೇ ಜಾಸ್ತಿ ಅನ್ನಿಸುತ್ತದೆ. ನನಗೂ ಹೀಗೇ ಆಗಿತ್ತು.

ಮೊದಲು ವಾರಕ್ಕೆ ಮೂರು ದಿನ, ಬೆಳಗ್ಗೆ 20 ನಿಮಿಷ ಹೊರಗೆ ಹೋಗಿ. ಮೋಡವಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ರಾತ್ರಿಯ ನಿದ್ದೆಗೂ ಅದು ಒಳ್ಳೆಯದು. ಮರ, ನೀರು ಇರುವ ದಾರಿ ಸಿಕ್ಕರೆ ಅದನ್ನೇ ಹಿಡಿಯಿರಿ. ಇಯರ್‌ಫೋನ್ ಬೇಡ.

ಆಮೇಲೆ ಸಮಯವನ್ನೂ ದಾರಿಯನ್ನೂ ಬದಲಿಸಬೇಡಿ. ಆಗಲೇ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುವುದು. ಸುಮ್ನೆ ಒಂದು ನಗು ಸಾಕು, ಮಾತು ತಾನಾಗಿ ಬರುತ್ತದೆ. ಎಷ್ಟು ದಿನಕ್ಕೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಟ್ರೆಡ್‌ಮಿಲ್ ಇರಲಿ, ಮಳೆಯ ದಿನಕ್ಕೆ ಬೇಕಲ್ವಾ? ತಿಂಗಳಾದರೂ ಮಂಕು ಕದಲದಿದ್ದರೆ ವೈದ್ಯರನ್ನು ಕಾಣಿ.