ಕರೆಯದೆ ಟ್ಯಾಂಕಿಗೆ ಬಂದ ಮೀನು ಯಾವುದು?

ಉಪ್ಪುನೀರಿನ ಟ್ಯಾಂಕ್ ಇಟ್ಟವರಿಂದ ಒಂದೇ ಥರದ ಪತ್ರ ಪದೇ ಪದೇ ಬರುತ್ತದೆ. ‘ನಾವು ತಂದಿಲ್ಲದ ಮೀನೊಂದು ಕಾಣಿಸಿದೆ, ಹೇಗೆ ಕೊಲ್ಲೋದು?’ ಇದು ಯಾವ ಮೀನು ಅಂತ ಕೇಳುವವರು ಕಡಿಮೆ. ನನಗೆ ಸಿಟ್ಟು ಬರುವುದು ಇಲ್ಲೇ. ಹೆಸರೇ ಗೊತ್ತಿಲ್ಲದ ಜೀವಕ್ಕೆ ಮೊದಲೇ ವಿಷ ಹುಡುಕುವುದು ಯಾವ ನ್ಯಾಯ? ಈ ಸಲ ಒಂದು ಪತ್ರಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲಿ 200 ಲೀಟರ್ ಟ್ಯಾಂಕ್ ಇದೆ. ಎರಡು ಕ್ಲೌನ್ ಮೀನು, ಒಂದು ಸೀಗಡಿ ಇವೆ. ಟ್ಯಾಂಕ್ ಇಡುವುದನ್ನು ನಿಲ್ಲಿಸಿದ ಗೆಳೆಯರಿಂದ ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ತಂದು ಹಾಕಿ ಒಂದು ತಿಂಗಳಾಯಿತು. ಈಗ ಕಲ್ಲಿನ ತೂತಿನಿಂದ ಕಂದು ಬಣ್ಣದ ಪುಟ್ಟ ಮೀನೊಂದು ತಲೆ ಹೊರಗೆ ಹಾಕುತ್ತದೆ. ಕಣ್ಣಿನ ಮೇಲೆ ಎರಡು ಕವಲು ಕೂದಲಿನಂಥದ್ದು ಇದೆ. ಮುಂದಿನ ರೆಕ್ಕೆ ಊರಿಕೊಂಡು ಕಲ್ಲಿನ ಮೇಲೆ ಕೂರುತ್ತದೆ. ಅಂಗಡಿಯವರು ‘ಇದು ಹಾವುಮೀನಿನ ಮರಿ, ಕ್ಲೌನ್ ತಿಂದುಬಿಡುತ್ತೆ, ಕಾಪರ್ (ತಾಮ್ರದ ಔಷಧಿ) ಹಾಕಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಾಪರ್ ಬಾಟಲಿ ಮೊದಲು ಆಚೆ ಇಡಿ. ಅದು ಹಾವುಮೀನಲ್ಲ.

ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. ಮುಂದಿನ ರೆಕ್ಕೆ ಊರಿ ಕೂರುತ್ತದೆ ಎಂದು ನೀವೇ ಬರೆದಿದ್ದೀರಿ. ಮೊರೇ ಹಾವುಮೀನಿಗೆ ಎದೆಯ ರೆಕ್ಕೆಯೂ ಇಲ್ಲ, ಹೊಟ್ಟೆಯ ರೆಕ್ಕೆಯೂ ಇಲ್ಲ. ಇಲ್ಲದ ರೆಕ್ಕೆಯನ್ನು ಅದು ಎಲ್ಲಿಂದ ಊರಬೇಕು? ತೂತಿನಿಂದ ತಲೆ ಹಾಕಿದ್ದೆಲ್ಲ ಹಾವುಮೀನು ಎಂದು ಹೇಳುವವರು ಮೀನನ್ನು ಸರಿಯಾಗಿ ನೋಡಿಲ್ಲ, ಅಷ್ಟೇ.

ನೀವು ಹೇಳಿದ ಲಕ್ಷಣಗಳೆಲ್ಲ ಬ್ಲೆನ್ನಿ ಎಂಬ, ಕಲ್ಲಿನ ತೂತುಗಳಲ್ಲಿ ಇರುವ ಪುಟ್ಟ ಮೀನಿನ ಕಡೆಗೆ ಬೆರಳು ತೋರಿಸುತ್ತವೆ. ಖಚಿತ ಮಾಡಿಕೊಳ್ಳಲು ಬೆನ್ನು ನೋಡಿ. ಬ್ಲೆನ್ನಿಗೆ ಕತ್ತಿನಿಂದ ಬಾಲದ ಹತ್ತಿರದವರೆಗೆ ಉದ್ದನೆಯ ಒಂದೇ ರೆಕ್ಕೆ. ನಡುವೆ ತಗ್ಗು ಇರಬಹುದು, ಆದರೆ ಪೂರ್ತಿ ಕಡಿದುಹೋಗಿರುವುದಿಲ್ಲ. ಇದೇ ಥರ ತಳದಲ್ಲಿ ಕೂರುವ ಗೋಬಿ ಎಂಬ ಮೀನುಗಳಿಗೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ರೆಕ್ಕೆ. ಆಮೇಲೆ ಮೀನು ಗಾಜಿಗೆ ಅಂಟಿದಾಗ ಹೊಟ್ಟೆಯ ಕಡೆಯಿಂದ ನೋಡಿ. ಹೆಚ್ಚಿನ ಗೋಬಿಗಳಿಗೆ ಹೊಟ್ಟೆಯ ರೆಕ್ಕೆಗಳೆರಡೂ ಕೂಡಿ ಬಟ್ಟಲಿನ ಆಕಾರ ಬಂದಿರುತ್ತದೆ. ಬ್ಲೆನ್ನಿಗೆ ಅವು ಗಂಟಲಿನ ಹತ್ತಿರ ಸಣ್ಣ ಕಡ್ಡಿಗಳ ಹಾಗೆ ಇರುತ್ತವೆ. ಕಲ್ಲು, ಗಾಜು ಕೆರೆಯುವ ಜಾತಿಯಾದರೆ ಗಾಜಿನ ಪಾಚಿಯ ಮೇಲೆ ತುಟಿಯ ಗುರುತು ಬಿಟ್ಟಿರುತ್ತದೆ. ಬೆಳಿಗ್ಗೆ ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ.

ಬಣ್ಣದ ಮೇಲೆ ಹೆಸರು ಹೇಳಬೇಡಿ. ಎಂಪರರ್ ಏಂಜಲ್ ಎಂಬ ಮೀನು ಮರಿಯಾಗಿದ್ದಾಗ ಕಡುನೀಲಿ ಮೈ, ಬಿಳಿ ಸುತ್ತುಗಳು. ದೊಡ್ಡದಾದ ಮೇಲೆ ಹಳದಿ ಪಟ್ಟೆ. ಒಂದೇ ಮೀನು ಅಂದರೆ ಯಾರೂ ನಂಬುವುದಿಲ್ಲ. ನೀಲಿ ದೀಪದಲ್ಲಿ ತೆಗೆದ ಫೋಟೊ ಕಳಿಸಬೇಡಿ, ಅದರಲ್ಲಿ ಎಲ್ಲ ಮೀನೂ ಒಂದೇ. ಬಿಳಿ ಬೆಳಕು, ಪಕ್ಕದಿಂದ, ರೆಕ್ಕೆ ಬಿಚ್ಚಿದಾಗ: ಅಂಥ ಒಂದು ಫೋಟೊ ಸಾಕು. ರಾತ್ರಿ ನೋಡಬೇಕಾದರೆ ಕೆಂಪು ಬೆಳಕು ಹಿಡಿಯಿರಿ. ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರ್‌ಗಳಲ್ಲಿ ಇಂಗಿಹೋಗುತ್ತದೆ, ಹಾಗಾಗಿ ಬಹಳಷ್ಟು ಮೀನುಗಳು ಅದಕ್ಕೆ ಅಷ್ಟಾಗಿ ಬೆದರುವುದಿಲ್ಲ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಕಣ್ಣಿನ ಮೇಲೆ ತೊಗಲಿನ ಚೂರು ಸ್ಕಾರ್ಪಿಯನ್ ಮೀನಿಗೂ ಇರುತ್ತದೆ. ಅದರ ತಲೆ ತುಂಬ ಮುಳ್ಳು, ಬಾಯಿ ತೀರಾ ದೊಡ್ಡದು, ಎದೆಯ ರೆಕ್ಕೆ ಬೀಸಣಿಗೆಯಷ್ಟು ಅಗಲ. ಬೆನ್ನಿನ ಮುಳ್ಳುಗಳಲ್ಲಿ ವಿಷ ಇದೆ. ಬಾಯಲ್ಲಿ ಹಿಡಿಸುವ ಯಾವ ಮೀನನ್ನೂ ಬಿಡುವುದಿಲ್ಲ. ಇನ್ನೊಂದು ಕೋರೆಹಲ್ಲಿನ ಬ್ಲೆನ್ನಿ. ಅದು ಕೂರುವುದಕ್ಕಿಂತ ನೀರಿನ ನಡುವೆ ಈಜುವುದೇ ಜಾಸ್ತಿ, ಮೈ ಸಪೂರ, ಬಾಯಿ ಮೂತಿಯ ಕೆಳಗಡೆ. ಅದರಲ್ಲಿ ಒಂದು ಜಾತಿ, ಬೇರೆ ಮೀನುಗಳ ಮೈ ಚೊಕ್ಕ ಮಾಡುವ ಕ್ಲೀನರ್ ರಾಸ್‌ನ ವೇಷ ಹಾಕಿ ಹತ್ತಿರ ಬಂದು ರೆಕ್ಕೆ ಕಚ್ಚುತ್ತದೆ. ನಿಮ್ಮ ಮೀನು ಇವೆರಡೂ ಅಲ್ಲ ಎಂದೇ ನನಗೆ ಅನ್ನಿಸುತ್ತದೆ. ಆದರೂ ಫೋಟೊ ಸಿಗುವವರೆಗೆ ಬರಿಗೈ ಹಾಕಬೇಡಿ. ಇದು ನನ್ನ ಅತಿ ಎಚ್ಚರಿಕೆ ಅನ್ನಿಸಿದರೆ ಅನ್ನಿಸಲಿ.

ಬಂದದ್ದು ಹೇಗೆ ಎಂಬುದು ದೊಡ್ಡ ಗುಟ್ಟಲ್ಲ. ಕಲ್ಲು ಎತ್ತಿದಾಗ ಬ್ಲೆನ್ನಿ ಓಡಿಹೋಗುವುದಿಲ್ಲ, ತೂತಿನೊಳಗೇ ಇನ್ನಷ್ಟು ಹಿಂದೆ ಸರಿಯುತ್ತದೆ. ಕಲ್ಲು ಒದ್ದೆ ಇದ್ದರೆ ಇದರ ಎಷ್ಟೋ ಜಾತಿಗಳು ನೀರಿನ ಹೊರಗೂ ತಡೆದುಕೊಳ್ಳುತ್ತವೆ. ಸೋಮೇಶ್ವರದಲ್ಲೋ ಸೇಂಟ್ ಮೇರೀಸ್ ದ್ವೀಪದಲ್ಲೋ ಇಳಿತದ ಹೊತ್ತಿಗೆ ಬಂಡೆಯ ಗುಂಡಿಗಳನ್ನು ನೋಡಿ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಚಂಗನೆ ಹಾರುವ ಮೀನುಗಳಲ್ಲಿ ಇವೂ ಇರುತ್ತವೆ. ಅದಕ್ಕೇ ಹೇಳುವುದು, ಟ್ಯಾಂಕಿಗೆ ಬಲೆಯ ಮುಚ್ಚಳ ಹಾಕಿ.

ಇನ್ನು ಕಾಪರ್. ಅದು ಮೊದಲು ಕೊಲ್ಲುವುದು ನಿಮ್ಮ ಸೀಗಡಿಯನ್ನು, ಬಸವನಹುಳುಗಳನ್ನು. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಂಡು ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಒಂದು ಸಲ ಹಾಕಿದರೆ ಆ ಕಲ್ಲಿನ ಜೊತೆ ಸೀಗಡಿ, ಹವಳ ಇಡುವ ಆಸೆ ಬಿಡಬೇಕು. ಇಂಥ ಸಲಹೆಯನ್ನು ಕೌಂಟರಿನ ಹಿಂದೆ ಕೂತು ಸಲೀಸಾಗಿ ಕೊಡುವವರಿಗೆ ಮೀನು ಮಾರುವ ಹಕ್ಕಿಲ್ಲ ಅಂತಲೇ ನಾನು ಹೇಳುವುದು.

ಬ್ಲೆನ್ನಿ ಎಂದು ಖಾತ್ರಿಯಾದರೆ ಸುಮ್ನೆ ಇರಲು ಬಿಡಿ. ಪಾಚಿ ತಿನ್ನುವ ಜಾತಿಯಾದರೆ ಟ್ಯಾಂಕಿನ ಪಾಚಿ ಮುಗಿದ ಮೇಲೆ ಹೊಟ್ಟೆ ಒಳಕ್ಕೆ ಹೋಗುತ್ತದೆ. ಆಗ ಒಣಗಿಸಿದ ನೋರಿ (ಸಮುದ್ರದ ಪಾಚಿ) ಹಾಳೆಯ ಚೂರನ್ನು ಕಲ್ಲಿಗೆ ಸಿಕ್ಕಿಸಿ. ಕ್ಲೌನ್‌ಗಳ ರೆಕ್ಕೆ ಹರಿದು ಕಂಡರೆ ಮಾತ್ರ ತೆಗೆಯುವ ಮಾತು. ನೀರಿನ ಬಾಟಲಿಯ ಕತ್ತು ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ. ಒಳಗೆ ಸೀಗಡಿ ಚೂರು ಹಾಕಿ, ದೀಪ ಆರಿಸಿ ಮೀನಿನ ತೂತಿನ ಪಕ್ಕ ಇಡಿ. ಸಿಗದಿದ್ದರೆ ಆ ಕಲ್ಲನ್ನೇ ಎತ್ತಿ ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನ ಮೇಲೆ ಹಿಡಿದು ತೂತಿಗೆ ನೀರು ಬಿಡಿ.

ಪ್ರಶ್ನೆ: ಕಲ್ಲಿಗೆ ಅಂಟಿದ್ದ ಮೊಟ್ಟೆ ಒಡೆದು ಹುಟ್ಟಿರಬಹುದೇ?

ಉತ್ತರ: ಇಲ್ಲ ಎಂದೇ ತಿಳಿಯಿರಿ. ಹೆಚ್ಚಿನ ಸಮುದ್ರ ಮೀನುಗಳ ಎಳೆಮರಿಗಳು ತೇಲುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿಂದು ಬೆಳೆಯಬೇಕು. ಮನೆಯ ಫಿಲ್ಟರ್ ಅವನ್ನು ಉಳಿಸುವುದಿಲ್ಲ.

ಪ್ರಶ್ನೆ: ಬೇಡದ ಮೀನನ್ನು ಮಲ್ಪೆಗೆ ಹೋದಾಗ ಸಮುದ್ರಕ್ಕೆ ಬಿಡಬಹುದೇ? ಪುಣ್ಯದ ಕೆಲಸ ಅಲ್ವಾ?

ಉತ್ತರ: ಪುಣ್ಯವಲ್ಲ, ಹಾನಿ. 1985ರಲ್ಲಿ ಫ್ಲೋರಿಡಾದ ಕರಾವಳಿಯಲ್ಲಿ ಲಯನ್ ಫಿಶ್ ಕಾಣಿಸಿತು. ಅದು ಅಲ್ಲಿನ ಮೀನಲ್ಲ, ಅಕ್ವೇರಿಯಂನಿಂದ ಬಿಟ್ಟದ್ದು ಎಂಬುದೇ ಹೆಚ್ಚಿನ ತಜ್ಞರ ಅಭಿಪ್ರಾಯ. ಈಗ ಕೆರಿಬಿಯನ್ ಪೂರ್ತಿ ಹರಡಿದೆ, ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಹಾಕುತ್ತಿದೆ. ಟ್ಯಾಂಕ್ ಇರುವ ಬೇರೆಯವರಿಗೆ ಕೊಡಿ.

ಪ್ರಶ್ನೆ: ತಾನಾಗಿ ಬಂದ ಕಪ್ಪು ಮೀನು ವಾಸ್ತು ದೋಷ ಕಳೆಯುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ಕಲ್ಲು ತರಿಸಬಹುದೇ?

ಉತ್ತರ: ಖಂಡಿತ ಬೇಡ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಒಣ ಕಲ್ಲು ತಂದು ಟ್ಯಾಂಕಿನಲ್ಲೇ ಜೀವ ತುಂಬಿಸಿ.

ಪ್ರಶ್ನೆ: ಗುರುತಿಲ್ಲದ ಮೀನು ಚುಚ್ಚಿ ಕೈ ಊದಿದೆ. ಸುಣ್ಣ, ಅರಿಶಿನ ಹಚ್ಚಿದ್ದೇವೆ. ಸಾಕೇ?

ಉತ್ತರ: ಸಾಕಾಗುವುದಿಲ್ಲ. ತೊಳೆದುಬಿಡಿ. ಮೀನಿನ ಮುಳ್ಳಿನ ವಿಷ ಬಿಸಿಗೆ ಕೆಡುತ್ತದೆ, ಸುಣ್ಣಕ್ಕಲ್ಲ. ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಕೈ ಮುಳುಗಿಸಿಡಬೇಕು. ನೋವಿರುವ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ನೀರಿನ ಬಿಸಿಯನ್ನು ಇನ್ನೊಂದು ಕೈಯಲ್ಲಿ ನೋಡಿಕೊಳ್ಳಿ. ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ದಾರ ಬಿಗಿಯಬೇಡಿ. ಊತ ಏರುತ್ತಿದ್ದರೆ, ಉಸಿರು ಕಟ್ಟಿದ ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೋವು ಇಳಿದರೂ ವೈದ್ಯರಿಗೆ ತೋರಿಸಿ, ಮುರಿದ ಮುಳ್ಳು ಒಳಗೆ ಉಳಿದಿರಬಹುದು. ಹೋಗುವಾಗ ಮೀನಿನ ಫೋಟೊ ಜೊತೆಗಿರಲಿ.