“ನಮ್ಮ ಸ್ಟಾಫಿಗೆ ಆಸಕ್ತಿಯೇ ಇಲ್ಲ”: ತುಮಕೂರಿನ ಒಬ್ಬ ಎಚ್‌ಒಡಿ ಪ್ರಕರಣ

ಇವರು ತುಮಕೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ (ಎಚ್‌ಒಡಿ). ವಯಸ್ಸು ನಲವತ್ತು ದಾಟಿದೆ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಸಲಹೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕು. ಅವರ ಪ್ರಕಾರ ಇದಕ್ಕೆಲ್ಲ ಕಾರಣ ಒಂದೇ. “ನಮ್ಮ ಸ್ಟಾಫಿಗೆ ಆಸಕ್ತಿಯೇ ಇಲ್ಲ. ಎಲ್ಲವನ್ನೂ ನಾನೊಬ್ಬಳೇ ಎಳೀಬೇಕು.”

ಆಸಕ್ತಿ ಇಲ್ಲ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಫೋನ್ ತೆಗೆದು ವಿಭಾಗದ ವಾಟ್ಸಾಪ್ ಗ್ರೂಪ್ ತೋರಿಸಿದರು. ರಾತ್ರಿ 10.40ಕ್ಕೆ ಅವರ ಮೆಸೇಜು: “ನಾಳೆ 9 ಗಂಟೆಗೆ ನ್ಯಾಕ್ ಫೈಲ್ ನನ್ನ ಟೇಬಲ್ ಮೇಲೆ ಇರಬೇಕು.” ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ನೋಡಿ ದರ್ಜೆ ಕೊಡುವ ಸಂಸ್ಥೆ. ಆ ಮೆಸೇಜಿನ ಕೆಳಗೆ ಸಾಲಾಗಿ ಹೆಬ್ಬೆರಳಿನ ಗುರುತುಗಳು. ಇನ್ನೂ ಮೇಲಕ್ಕೆ ಹೋದೆವು. ಎಷ್ಟು ಹಿಂದಕ್ಕೆ ಹೋದರೂ ಬರೀ ಆದೇಶ, ಹೆಬ್ಬೆರಳು, ಆದೇಶ, ಹೆಬ್ಬೆರಳು. ಒಂದೇ ಒಂದು ಪ್ರಶ್ನೆ ಇಲ್ಲ. “ಇದರಲ್ಲಿ ನಿಮ್ಮ ಸ್ವಂತ ಮೆಸೇಜು ಎಷ್ಟಿವೆ?” ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿ, “ಎಲ್ಲಾ ಮೇಲಿನಿಂದ ಬಂದಿದ್ದೇ. ನಾನು ಸುಮ್ನೆ ಫಾರ್ವರ್ಡ್ ಮಾಡ್ತೀನಿ” ಅಂದರು.

ಖಾಸಗಿ ಕಾಲೇಜುಗಳಲ್ಲಿ ಎಚ್‌ಒಡಿ ಅಂದರೆ ಅಡಕತ್ತರಿಗೆ ಸಿಕ್ಕ ಅಡಿಕೆ. ಮೇಲೆ ಆಡಳಿತ ಮಂಡಳಿ, ಕೆಳಗೆ ಉಪನ್ಯಾಸಕರು. ಸಂಬಳ ನಿರ್ಧರಿಸುವ ಅಧಿಕಾರ ಇವರಿಗಿಲ್ಲ, ರಜೆ ಕೊಡುವುದಕ್ಕೂ ಪೂರ್ತಿ ಅಧಿಕಾರ ಇಲ್ಲ. ಆದರೆ ಫಲಿತಾಂಶ ಕಡಿಮೆ ಬಂದರೆ, ಸೀಟು ಖಾಲಿ ಉಳಿದರೆ ಮೊದಲು ಕರೆ ಬರುವುದು ಇವರಿಗೆ. ಪಿಯುಸಿ ಫಲಿತಾಂಶದ ಹೊತ್ತಿಗೆ ಉಪನ್ಯಾಸಕರು ಗುಬ್ಬಿ, ಶಿರಾ, ಪಾವಗಡದ ಹಳ್ಳಿಗಳಿಗೆ ಅಡ್ಮಿಷನ್ ಕ್ಯಾನ್ವಾಸಿಗೆ ಹೋಗಬೇಕು. ಒಬ್ಬೊಬ್ಬರಿಗೂ ಟಾರ್ಗೆಟ್. ಪಿಎಚ್‌ಡಿ ಮಾಡಿದವರು ಕರಪತ್ರ ಹಿಡಿದು ಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಇದು ನನಗೆ ಬಹಳ ನೋವು ಕೊಡುವ ವಿಷಯ, ಹೇಳದೆ ಇರಲಾರೆ.

ಇನ್ನೊಂದು ಸಂಗತಿಯನ್ನು ಅವರೇ ಹೇಳಿದರು. ನ್ಯಾಕ್‌ಗೆ ಪುರಾವೆ ಬೇಕು ಅಂತ ಒಂದು ದಿನ ಪರಿಸರ ಜಾಗೃತಿ ಕಾರ್ಯಕ್ರಮ ಇಟ್ಟಿದ್ದರು. ಬ್ಯಾನರ್ ಕಟ್ಟಿದರು, ಮಕ್ಕಳನ್ನು ನಿಲ್ಲಿಸಿದರು, ಜಿಯೋಟ್ಯಾಗ್ (ತೆಗೆದ ಜಾಗ ದಾಖಲಾಗುವ) ಫೋಟೊ ತೆಗೆದರು, ಬ್ಯಾನರ್ ಬಿಚ್ಚಿದರು. ಆ ಕಾರ್ಯಕ್ರಮ ನಡೆಸಿದ ಉಪನ್ಯಾಸಕರೇ ಮೊದಲೊಂದು ಸಲ ಮಕ್ಕಳನ್ನು ಕೆರೆಯ ಹತ್ತಿರ ಕರೆದುಕೊಂಡು ಹೋಗಿ ನೀರಿನ ಪರೀಕ್ಷೆ ಮಾಡಿಸೋಣ ಅಂತ ಕೇಳಿದ್ದರಂತೆ. “ಈಗ ಟೈಮಿಲ್ಲ” ಅನ್ನುವ ಉತ್ತರ ಸಿಕ್ಕಿತ್ತು. ಆಮೇಲೆ ಅವರು ಏನನ್ನೂ ಕೇಳಿಲ್ಲ.

ಅಮೆರಿಕದ ಸಂಶೋಧಕ ವಿಲಿಯಂ ಕಾನ್ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನ ಕೆಲಸದಲ್ಲಿ ಮನಸ್ಸಿಡಬೇಕಾದರೆ ಮೂರು ವಿಷಯ ಇರಬೇಕು ಅನ್ನುತ್ತಾರೆ ಅವರು. ಮಾಡುವ ಕೆಲಸಕ್ಕೆ ಅರ್ಥ ಇದೆ ಅನ್ನಿಸಬೇಕು. ಬಾಯಿ ಬಿಟ್ಟರೆ ಪೆಟ್ಟು ಬೀಳಲ್ಲ ಅನ್ನುವ ಧೈರ್ಯ ಬೇಕು. ಮೈ ಮನಸ್ಸಿನಲ್ಲಿ ತ್ರಾಣ ಉಳಿದಿರಬೇಕು. ಈ ಮೂರನ್ನೂ ಅವರ ವಿಭಾಗಕ್ಕೇ ಹಚ್ಚಿ ನೋಡಲು ಹೇಳಿದೆ. ಅರ್ಥ ಫೋಟೊಗೆ ಹೋಯಿತು. ಧೈರ್ಯ “ಟೈಮಿಲ್ಲ” ಅನ್ನುವ ಮಾತಿಗೆ ಹೋಯಿತು. ತ್ರಾಣದ ವಿಷಯಕ್ಕೆ ಬಂದಾಗ ಅವರಿಗೇ ಹೊಳೆಯಿತು. ಮೀಟಿಂಗ್ ಇಡುವುದು ಸಂಜೆ ನಾಲ್ಕೂವರೆಗೆ. ಮಧುಗಿರಿ ಬಸ್ಸು ಹಿಡಿಯುವವರು, ಬೆಂಗಳೂರಿನ ರೈಲಿಗೆ ಓಡುವವರು ಮೀಟಿಂಗಿನುದ್ದಕ್ಕೂ ಗಡಿಯಾರ ನೋಡುತ್ತಾರೆ. “ಅದನ್ನೇ ನಾನು ಉದಾಸೀನ ಅಂದುಕೊಂಡಿದ್ದೆ, ಅಲ್ವಾ?” ಅಂದರು. ಹೌದು ಅಂದೆ.

ಮೊದಲ ಸಲಹೆ ಅವರ ಆರೋಗ್ಯದ ಬಗ್ಗೆಯೇ. ಬಿಪಿ, ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಫೋನು ಮಲಗುವ ಕೋಣೆಯಿಂದ ಹೊರಗಿರಬೇಕು ಅಂದೆ. ತೀರಾ ಕಷ್ಟವಾದ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಮೇಲೆ ವಿಭಾಗ. ಸಂಜೆ ಏಳರ ನಂತರ ಗ್ರೂಪಿಗೆ ಏನೂ ಹಾಕಬೇಡಿ ಅಂದೆ. ಮೇಲಿನಿಂದ ಬಂದ ಮೆಸೇಜನ್ನು ಹಾಗೇ ದಾಟಿಸುವ ಬದಲು ಮೊದಲು ನೀವು ಓದಿ, ಯಾರು ಮಾಡಬೇಕು, ಯಾವಾಗ, ಯಾಕೆ ಅಂತ ನಿಮ್ಮ ಮಾತಲ್ಲಿ ಬರೆಯಿರಿ. ಎಷ್ಟೋ ಮೆಸೇಜು ಕಳಿಸುವುದೇ ಬೇಕಿಲ್ಲ ಅಂತ ಆಗ ಗೊತ್ತಾಗುತ್ತದೆ. ಒಬ್ಬೊಬ್ಬರ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಿ. ಒಂದೇ ಪ್ರಶ್ನೆ ಕೇಳಿ: “ಯಾವ ಕೆಲಸ ಬಿಟ್ಟರೆ ನಿಮ್ಮ ಪಾಠ ಚೆನ್ನಾಗಿ ಆಗುತ್ತದೆ?” ಉತ್ತರವನ್ನು ರಿಜಿಸ್ಟರಿಗೆ ಏರಿಸಬೇಡಿ, ಹೆಸರು ಹಿಡಿದು ಮೇಲೆ ಹೇಳಬೇಡಿ. ಎಲ್ಲರೂ ಹೇಳಿದ್ದರಲ್ಲಿ ಒಂದನ್ನು ಮಾತ್ರ ಆಯ್ದು, ಬರವಣಿಗೆಯಲ್ಲಿ ಪ್ರಿನ್ಸಿಪಾಲರಿಗೆ ಕೊಡಿ. ಸಂಬಳ ಏರಿಸುವುದು ನಿಮ್ಮ ಕೈಲಿಲ್ಲ. ಕೇಳಿದೆ, ಈ ಉತ್ತರ ಬಂತು ಅಂತ ಸ್ಟಾಫಿಗೆ ನೇರವಾಗಿ ಹೇಳಿ. ಸುಳ್ಳು ಭರವಸೆಗಿಂತ ಅದು ಎಷ್ಟೋ ಮೇಲು. ಹೊರಗಿನಿಂದ ಭಾಷಣಕಾರರನ್ನು ಕರೆಸಿ ಸ್ಫೂರ್ತಿ ತುಂಬಿಸುವ ಯೋಚನೆ ಅವರಿಗಿತ್ತು. ಬೇಡ ಅಂದೆ.

ಮಾತಿನ ಮಧ್ಯೆ ಇನ್ನೊಂದು ವಿಷಯ ಹೊರಬಂತು. ಆರು ವರ್ಷ ದುಡಿದ ಒಬ್ಬ ಉಪನ್ಯಾಸಕರು ರಾಜೀನಾಮೆ ಕೊಟ್ಟು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಇಡುಗಂಟು, ಕೇಳಿದ್ದರು. “ಪ್ರೈವೇಟ್ ಕಾಲೇಜಿನವರಿಗೆ ಅದೆಲ್ಲ ಇಲ್ಲ” ಅಂತ ಆಫೀಸಿನಲ್ಲಿ ಹೇಳಿದ್ದನ್ನೇ ಇವರೂ ಹೇಳಿ ಕಳಿಸಿದ್ದರು. ಅದು ತಪ್ಪು. 2009ರ ತಿದ್ದುಪಡಿ ಶಿಕ್ಷಕರನ್ನೂ ಗ್ರಾಚ್ಯುಟಿ ಕಾಯ್ದೆಯೊಳಗೆ ತಂದಿತು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ. ಖಾಸಗಿ ಶಾಲೆಗಳವರು ಇದನ್ನು ಪ್ರಶ್ನಿಸಿದಾಗ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯ ಲೆಕ್ಕ ಸುಲಭವಾಗಿತ್ತು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. ಆ ಉಪನ್ಯಾಸಕರಿಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು, ಲಿಖಿತವಾಗಿ ಅರ್ಜಿ ಹಾಕಿ, ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು ಅಂತ ತಿಳಿಸಿ ಅಂದೆ. ಬಹಳ ಹಿಂಜರಿದರು. ಕೊನೆಗೆ ಮಾಡಿದರು. ಆ ಸುದ್ದಿ ಸ್ಟಾಫ್ ರೂಮಿನಲ್ಲಿ ಹರಡಿತು. ಸ್ಟಾಫು ಈ ಎಚ್‌ಒಡಿಯನ್ನು ನೋಡುವ ರೀತಿ ಬದಲಾಗಿದ್ದು ಅಲ್ಲಿಂದ.

ತರಗತಿ ನಡೆಯುವ ದಿನ ಯಾರನ್ನೂ ಕ್ಯಾನ್ವಾಸಿಗೆ ಕಳಿಸಬಾರದು ಅನ್ನುವ ಮನವಿಗೆ ಪ್ರಿನ್ಸಿಪಾಲರು ಒಪ್ಪಿದರು. ಟಾರ್ಗೆಟ್ ಹಾಗೇ ಉಳಿಯಿತು. ಮೀಟಿಂಗ್ ಮಧ್ಯಾಹ್ನಕ್ಕೆ ಬಂತು. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಹಾಗಿದ್ದರೂ ಒಬ್ಬರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು. ಅಲ್ಲಿ ಸಂಬಳ ಜಾಸ್ತಿ, ಅದನ್ನು ಯಾರೂ ತಡೆಯಲಾಗುತ್ತಿರಲಿಲ್ಲ.

ಮೊನ್ನೆ ತುಂಬಾ ಬೇಸರದಿಂದ ಬಂದರು. ಮೀಟಿಂಗಿನಲ್ಲಿ ಕಿರಿಯ ಉಪನ್ಯಾಸಕಿಯೊಬ್ಬರು ಎಲ್ಲರ ಎದುರಿಗೆ “ಈ ಪ್ಲಾನ್ ನಡೆಯಲ್ಲ ಮೇಡಂ” ಅಂದಿದ್ದರಂತೆ. ಅವಮಾನ ಆಯಿತು ಅಂದರು. ನನಗಂತೂ ಖುಷಿಯಾಯಿತು, ಅದನ್ನು ಅವರಿಗೂ ಹೇಳಿದೆ. ಇಷ್ಟು ದಿನ ಹೆಬ್ಬೆರಳು ಒತ್ತುತ್ತಿದ್ದವರು ಬಾಯಿ ಬಿಟ್ಟಿದ್ದಾರೆ. ಮುಂದಿನ ಮೀಟಿಂಗಿನಲ್ಲಿ ಮೊದಲು ಅವರನ್ನೇ ಕರೆದು, ಯಾಕೆ ನಡೆಯಲ್ಲ, ಬದಲಿಗೆ ಏನು ಮಾಡಬಹುದು ಅಂತ ಪೂರ್ತಿ ಹೇಳಲು ಬಿಡಿ ಅಂದಿದ್ದೇನೆ. ತಾವು ಎಚ್‌ಒಡಿ ಸ್ಥಾನ ಬಿಡಬೇಕಾ ಅನ್ನುವ ಅವರ ಪ್ರಶ್ನೆಯನ್ನು ಸೆಮಿಸ್ಟರ್ ಮುಗಿದ ಮೇಲೆ ಕೂತು ನೋಡೋಣ ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ.