ಇಂಗ್ಲೆಂಡಿನ ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಏನು ಕೆಲಸ ಮಾಡುತ್ತದೆ? ನಮ್ಮ ಗ್ರಾಮ ಪಂಚಾಯಿತಿ ಥರಾನೇ ಅಲ್ವಾ?

ಮೇಲ್ನೋಟಕ್ಕೆ ಹೌದು, ಆದರೆ ಅಧಿಕಾರ ತುಂಬಾ ಕಡಿಮೆ. ಹೆಸರು ಚರ್ಚಿನಿಂದ ಬಂದಿದ್ದರೂ 1894ರ ಕಾಯ್ದೆಯಿಂದ ಹುಟ್ಟಿದ ಇದು ಜನ ಆರಿಸುವ ಸಂಸ್ಥೆ, ಚರ್ಚಿಗೂ ಇದಕ್ಕೂ ಸಂಬಂಧ ಇಲ್ಲ.

ಕೆಲಸಗಳೆಲ್ಲ ಸಣ್ಣಸಣ್ಣವು. ಮಕ್ಕಳ ಜೋಕಾಲಿಯ ಸರಪಳಿ ಸವೆದಿದೆಯಾ ಅಂತ ನೋಡಿಸುವುದು, ಬಸ್ ತಂಗುದಾಣ ರಿಪೇರಿ, ಸ್ಮಶಾನದ ಹುಲ್ಲು ಕೊಯ್ಸುವುದು, ತರಕಾರಿ ಬೆಳೆದುಕೊಳ್ಳಲು ಊರಿನವರಿಗೆ ಬಾಡಿಗೆಗೆ ಕೊಡುವ ತುಂಡು ಜಮೀನು ನೋಡಿಕೊಳ್ಳುವುದು, ಹೀಗೆ. ಯಾರಾದರೂ ಮನೆ ಕಟ್ಟಲು ಅರ್ಜಿ ಹಾಕಿದರೆ ಇವರು ಅಭಿಪ್ರಾಯ ಹೇಳಬಹುದು ಅಷ್ಟೇ, ಒಪ್ಪಿಗೆ ಕೊಡುವುದು ಮೇಲಿನ ಕೌನ್ಸಿಲ್. ರಸ್ತೆ ಗುಂಡಿಯೂ ಸಾಮಾನ್ಯವಾಗಿ ಇವರ ಕೈಯಲ್ಲಿಲ್ಲ.

ದುಡ್ಡು ಎಲ್ಲಿಂದ? ವರ್ಷಕ್ಕೆ ಇಷ್ಟು ಬೇಕು ಅಂತ ಇವರೇ ತೀರ್ಮಾನಿಸುತ್ತಾರೆ, ಅದು ಪ್ರತಿ ಮನೆಯ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲಿ ಒಂದು ಸಾಲಾಗಿ ಸೇರಿಕೊಳ್ಳುತ್ತದೆ. ಸದಸ್ಯರಿಗೆ ಸಂಬಳ ಇಲ್ಲ. ಸಂಬಳ ಇರುವುದು ಕ್ಲರ್ಕಿಗೆ, ನಮ್ಮ ಪಿಡಿಒ ಥರ ಅನ್ನಿ, ಆದರೆ ಸಣ್ಣ ಹಳ್ಳಿಗಳಲ್ಲಿ ಹೆಚ್ಚಾಗಿ ವಾರಕ್ಕೆ ಕೆಲವೇ ಗಂಟೆಯ ಕೆಲಸ, ಆದರೂ ಪತ್ರ, ಲೆಕ್ಕ, ನಡಾವಳಿ ಎಲ್ಲವೂ ಇವರ ತಲೆ ಮೇಲೆಯೇ.

ನನಗೆ ತುಂಬಾ ಇಷ್ಟವಾಗುವುದು ಸಭೆಯ ನಿಯಮ. ಸಭೆಗೆ ಪೂರ್ತಿ 3 ದಿನ ಮೊದಲೇ ಅಜೆಂಡಾ ಪ್ರಕಟಿಸಬೇಕು, ಅದರಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ. ಊರಿನವರು ಯಾರು ಬೇಕಾದರೂ ಬಂದು ಕೂತು ನೋಡಬಹುದು. ಗುಟ್ಟಾಗಿ ಇಡಬೇಕಾದ ವಿಷಯ ಬಂದಾಗ ಮಾತ್ರ, ಅದಕ್ಕೊಂದು ನಿರ್ಣಯ ಮಾಡಿ, ಹೊರಗೆ ಕಳಿಸುತ್ತಾರೆ.